ಕೊಡಗಿನ ತೋಟದ ದುಡಿಮೆ: ಮುಂಗಡದ ಕಾನೂನಿನಿಂದ ಸುರಕ್ಷತೆಯ ಕಾನೂನಿಗೆ

ಕೊಡಗಿನ ಕಾಫಿ ತೋಟಗಳ ದುಡಿಮೆಗೂ ಕಾನೂನಿಗೂ ಒಂದೂವರೆ ಶತಮಾನಕ್ಕೂ ಹಳೆಯ ನಂಟು. ಆ ಕಾನೂನು ಮೊದಲು ಕಾಪಾಡಿದ್ದು ತೋಟದ ಮಾಲೀಕ ಕೊಟ್ಟ ಮುಂಗಡವನ್ನು. ಕೂಲಿಗಾರರ ಸೂರು, ಕುಡಿಯುವ ನೀರು, ಮಕ್ಕಳ ತೊಟ್ಟಿಲು ಅದರ ಕಣ್ಣಿಗೆ ಬೀಳಲು ಸುಮಾರು ನೂರು ವರ್ಷ ಹಿಡಿಯಿತು. ಔಷಧಿ ಹೊಡೆಯುವವನ ಉಸಿರು ತೋಟದ ಕಾಯ್ದೆಯ ಪುಟಗಳಿಗೆ ಸೇರಿದ್ದು ಇನ್ನೂ ತಡವಾಗಿ, 2010ರಲ್ಲಿ. ಮರ ಹತ್ತುವವನ ಸುರಕ್ಷತೆ ಆಗಲೂ ಸೇರಲಿಲ್ಲ. ಕಾಫಿ ಬೆಟ್ಟಗಳಲ್ಲಿ ಕೆಲಸದ ಅಪಾಯಗಳು ಮಾತ್ರ ಮೊದಲ ದಿನದಿಂದಲೂ ಎಲ್ಲರ ಕಣ್ಣೆದುರೇ ಇದ್ದವು.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದಿಳಿಸಿ ಕೊಡಗನ್ನು ವಶಪಡಿಸಿಕೊಂಡಾಗ ಇಲ್ಲಿನ ಬೇಸಾಯವೆಂದರೆ ಭತ್ತ. ಜಮ್ಮಾ ಎಂಬ ವಂಶಪಾರಂಪರ್ಯ ಹಿಡುವಳಿಯ ಗದ್ದೆಗಳಲ್ಲಿ ಉತ್ತು, ನಾಟಿ ಮಾಡಿ, ಕುಯ್ಲು ಮುಗಿಸುತ್ತಿದ್ದವರಲ್ಲಿ ಹೆಚ್ಚಿನವರು ಎರವರು ಮತ್ತು ದಲಿತ ಕುಟುಂಬಗಳವರು. ಭೂಮಿಯ ಜೊತೆಗೇ ಒಡೆಯನಿಗೆ ಸೇರಿದ ಆಳುಗಳು. 1843ರ ಐದನೆಯ ಕಾಯ್ದೆ ಕಂಪನಿಯ ಆಡಳಿತ ಪ್ರದೇಶಗಳಲ್ಲಿ ಗುಲಾಮಗಿರಿಗೆ ನ್ಯಾಯಾಲಯದ ಮನ್ನಣೆಯನ್ನು ತೆಗೆದುಹಾಕಿತು. 1862ರಲ್ಲಿ ಜಾರಿಗೆ ಬಂದ ದಂಡಸಂಹಿತೆ ಆಳುಗಳ ಮಾರಾಟವನ್ನು ಅಪರಾಧವೆಂದು ಸಾರಿತು. ಕಾಗದದ ಮೇಲೆ ಗುಲಾಮಗಿರಿ ಮುಗಿಯಿತು. ಬದುಕಿನಲ್ಲಿ ಅದರ ಜಾಗಕ್ಕೆ ಸಾಲ ಬಂದು ಕೂತಿತು: ಮದುವೆಗೆ ತಂದ ಸಾಲ, ಕಾಯಿಲೆಗೆ ತಂದ ಸಾಲ, ಅದು ತೀರುವ ತನಕ ಜೀತ. ಜೀತ ಪದ್ಧತಿಯನ್ನು ರದ್ದುಗೊಳಿಸುವ ಕೇಂದ್ರ ಕಾಯ್ದೆ ಬರಲು 1976ರವರೆಗೆ ಕಾಯಬೇಕಾಯಿತು.

ಕಾಫಿ ಗಿಡ ಕೊಡಗಿಗೆ ಹೊಸದೇನೂ ಆಗಿರಲಿಲ್ಲ. ಹಾಲೇರಿ ಅರಸರ ಕಾಲದಲ್ಲೇ ನಾಲ್ಕುನಾಡಿನ ಮಾಪಿಳ್ಳೆಗಳ ಹಿತ್ತಲಲ್ಲಿ ಅದು ಬೆಳೆಯುತ್ತಿತ್ತೆಂಬುದು ಇಲ್ಲಿನ ನಂಬಿಕೆ. ಬ್ರಿಟಿಷ್ ಆಡಳಿತದ ಆರಂಭದಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಲೆ ಹಾರ್ಡಿ ಇದಕ್ಕೆ ಉತ್ತೇಜನ ಕೊಟ್ಟ. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯ ಬಳಿ ತೋಟ ತೆರೆದ ಮೇಲೆ ಚಿತ್ರ ಬದಲಾಯಿತು. ಕೆಲವೇ ವರ್ಷಗಳಲ್ಲಿ ಸಂಪಾಜೆ ಘಾಟಿಯ ಇಳಿಜಾರಿನಲ್ಲಿ, ಪೆರುಂಬಾಡಿ ಘಾಟಿಯಲ್ಲಿ ಕಾಡು ಕಡಿದು ತೋಟಗಳೆದ್ದವು. ಆಮೇಲೆ ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿಯ ಬಿದಿರುಸೀಮೆಯ ಸರದಿ. ಮಂಗಳೂರಿನಲ್ಲಿ ಕ್ರೈಸ್ತನಾಗಿ, ಬಾಸೆಲ್‌ನಲ್ಲಿ ಓದಿ ಬಂದ ಹರ್ಮನ್ ಆನಂದರಾವ್ ಕೌಂಡಿನ್ಯ ಸಿದ್ದಾಪುರದ ಹತ್ತಿರ ಆನಂದಪುರವನ್ನು ಕಟ್ಟಿದ್ದೂ 1850ರ ದಶಕದ ಕೊನೆಯಲ್ಲೇ. ಕ್ರೈಸ್ತರಾದ ದಲಿತ ಕುಟುಂಬಗಳಿಗೆ ಅಲ್ಲಿ ನೆಲೆಯೂ ಕಾಫಿ ತೋಟದ ಕೆಲಸವೂ ಒಟ್ಟಿಗೆ ಸಿಕ್ಕವು.

ಇಷ್ಟೊಂದು ತೋಟಗಳಿಗೆ ಊರಿನ ಆಳುಗಳು ಸಾಲಲಿಲ್ಲ. ಪಿರಿಯಾಪಟ್ಟಣ, ಹುಣಸೂರಿನ ಕಡೆಯ ಮೈಸೂರು ಬಯಲಿನಿಂದ, ಘಾಟಿ ಕೆಳಗಿನ ತುಳುನಾಡಿನಿಂದ, ಮಲಬಾರಿನಿಂದ ಕೂಲಿಯವರನ್ನು ಕರೆತರುವುದು ಮೇಸ್ತ್ರಿಯ ಕೆಲಸವಾಯಿತು. ತೋಟದವನು ಮೇಸ್ತ್ರಿಗೆ ಮುಂಗಡ ಕೊಡುತ್ತಿದ್ದ. ಮೇಸ್ತ್ರಿ ತನ್ನ ಊರು, ನೆರೆಯೂರುಗಳನ್ನು ಸುತ್ತಿ ಮನೆಮನೆಗೆ ಅದನ್ನು ಹಂಚಿ, ಊರಿನ ಬೆಳೆ ಮನೆ ಸೇರಿದ ಮೇಲೆ ಗುಂಪು ಕಟ್ಟಿಕೊಂಡು ಬೆಟ್ಟ ಹತ್ತುತ್ತಿದ್ದ. ಕೂಲಿಯಲ್ಲಿ ಅವನಿಗೂ ಒಂದು ಪಾಲು. ಮಳೆಗಾಲಕ್ಕೆ ಮುಂಚೆ ಗುಂಪು ಊರಿಗೆ ಮರಳುತ್ತಿತ್ತು. ಮುಂಗಡ ತೀರದವರು ಉಳಿಯಬೇಕಿತ್ತು, ಇಲ್ಲವೇ ಮರುವರ್ಷ ಬರಲೇಬೇಕಿತ್ತು.

ಹೀಗೆ ಬಂದವರನ್ನು ಮೊದಲು ಹಿಡಿದದ್ದು ಜ್ವರ. ಕಾಡು ಕಡಿದ ಹೊಸ ತೋಟಗಳಲ್ಲಿ, ಬಿದಿರುಮೆಳೆಗಳ ನಡುವೆ, ನಿಂತ ನೀರಿನ ಸೊಳ್ಳೆಗಳು ಮಲೇರಿಯಾವನ್ನು ಹರಡುತ್ತಿದ್ದವು. ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ಅದರ ಕಾಟ ಹೆಚ್ಚು. ಬಯಲುಸೀಮೆಯಿಂದ ಬಂದವರ ಮೈಗೆ ಈ ಜ್ವರದ ಪರಿಚಯವೇ ಇರಲಿಲ್ಲ. ಜೊತೆಯವರು ಸಾಯುವುದನ್ನು ಕಂಡು ರಾತ್ರೋರಾತ್ರಿ ಊರಿಗೆ ಓಡಿದವರು ಪ್ರತಿವರ್ಷವೂ ಇದ್ದರು. ಆಡಳಿತ ಆ ಓಟವನ್ನು ಕರಾರುಭಂಗವೆಂದು ಕರೆಯಿತು.

ಅದಕ್ಕೆಂದೇ ಒಂದು ಕಾನೂನು ಆಗಲೇ ಸಿದ್ಧವಿತ್ತು. 1859ರ ಹದಿಮೂರನೆಯ ಕಾಯ್ದೆ, ಕೆಲಸಗಾರರ ಕರಾರುಭಂಗದ ಕಾಯ್ದೆ, ಮೊದಲು ಪ್ರೆಸಿಡೆನ್ಸಿ ನಗರಗಳ ಕುಶಲಕರ್ಮಿಗಳಿಗಾಗಿ ಬಂದದ್ದು. ಆಮೇಲೆ ಅದನ್ನು ತೋಟಪ್ರದೇಶಗಳಿಗೂ ಹರಡಲಾಯಿತು. ಮುಂಗಡ ಪಡೆದು ಕೆಲಸಕ್ಕೆ ಬಾರದವನ ಮೇಲೆ ಮಾಲೀಕ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದಿತ್ತು. ಹಣ ಹಿಂದಿರುಗಿಸು, ಇಲ್ಲವೇ ಕೆಲಸ ಮುಗಿಸು ಎಂಬ ಆಜ್ಞೆಯಾಗುತ್ತಿತ್ತು. ಎರಡನ್ನೂ ಮಾಡದವನಿಗೆ ಮೂರು ತಿಂಗಳವರೆಗೆ ಸೆರೆ. ಕೂಲಿ ಕೊಡದ ಮಾಲೀಕನ ಮೇಲೆ ಕೂಲಿಗಾರ ಸಿವಿಲ್ ದಾವೆ ಹೂಡಬೇಕಿತ್ತು; ಕೆಲಸ ಬಿಟ್ಟ ಕೂಲಿಗಾರ ಮಾತ್ರ ಕ್ರಿಮಿನಲ್ ಅಪರಾಧಿ. ಒಂದೇ ಕರಾರಿನ ಎರಡು ಕೈಗಳಿಗೆ ಎರಡು ಬಗೆಯ ನ್ಯಾಯ. ತೋಟದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಕಾಫಿಯ ಬೆಲೆ, ರೋಗ, ಸಾಹಸಿ ಪ್ಲಾಂಟರುಗಳ ಕಥೆಗಳಲ್ಲಿ ಮುಳುಗಿ ಈ ಕಾಯ್ದೆಯನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಮೂರು ತಲೆಮಾರುಗಳ ಕಾಲ ತೋಟವನ್ನು ನಿಲ್ಲಿಸಿದ ಕಂಬಗಳಲ್ಲಿ ಇದೂ ಒಂದು.

ಈ ಕಾಯ್ದೆ 1926ರಲ್ಲಿ ದೇಶದ ಉಳಿದೆಡೆ ಕೊನೆಗೊಂಡಿತು. ಆದರೆ ಕೊಡಗಿನ ಶಾಸನಸಭೆ ಅದೇ ವರ್ಷ ಕೊಡಗು ಕಾರ್ಮಿಕ ಕಾಯ್ದೆಯನ್ನು ತಂದು, ಕರಾರು ಮುರಿದ ಕೂಲಿಗಾರನಿಗೆ ದಂಡನೆ ವಿಧಿಸುವ ಅವಕಾಶವನ್ನು ಇನ್ನೂ ಕೆಲಕಾಲ ಉಳಿಸಿಕೊಂಡಿತು. ಇಂಥ ಕಾಯ್ದೆಗಳೆಲ್ಲ ಭಾರತದ ಕಾರ್ಮಿಕರ ಕುರಿತ, ವಿಟ್ಲಿ ಅಧ್ಯಕ್ಷತೆಯ ರಾಯಲ್ ಕಮಿಷನ್ ಕಣ್ಣಿಗೆ ಬಿದ್ದವು. 1931ರಲ್ಲಿ ವರದಿ ಕೊಟ್ಟ ಈ ಕಮಿಷನ್, ತೋಟದ ಕೂಲಿಗಾರರಿಗೂ ಅಪಘಾತ ಪರಿಹಾರದ ಹಕ್ಕು ಬೇಕೆಂದು ಹೇಳಿತು. 1923ರಲ್ಲಿ ಕಾರ್ಮಿಕ ಪರಿಹಾರ ಕಾಯ್ದೆ ಬಂದಾಗ ಕಾರ್ಖಾನೆ, ಗಣಿ, ರೈಲು ಅದರೊಳಗಿದ್ದವು. ಕಾಫಿ ತೋಟ ಇರಲಿಲ್ಲ. 1933ರ ತಿದ್ದುಪಡಿಯಲ್ಲಿ ಸಿಂಕೋನ, ಕಾಫಿ, ರಬ್ಬರ್, ಟೀ ತೋಟಗಳು ಸೇರಿದವು, ಅದೂ ಒಂದೇ ದಿನ 25 ಜನ ಕೆಲಸ ಮಾಡಿದ ತೋಟಗಳು ಮಾತ್ರ. ಮರದಿಂದ ಬಿದ್ದವನ ಮನೆಯವರಿಗೆ ಕಾನೂನಿನ ಬಲದಿಂದ ಹಣ ಸಿಗುವ ದಾರಿ ತೆರೆದದ್ದು ಅಂದು. ತಾತ್ಕಾಲಿಕ ಕೂಲಿಯವರನ್ನು ಹೊರಗಿಡುತ್ತಿದ್ದ ಮಾತು ಆ ಕಾಯ್ದೆಯಿಂದ ಅಳಿದದ್ದು 2000ದ ತಿದ್ದುಪಡಿಯಲ್ಲಿ. ಕುಯ್ಲಿನ ಕಾಲಕ್ಕೆ ಬಂದುಹೋಗುವವರೇ ಹೆಚ್ಚಿರುವ ಕೊಡಗಿನಂಥ ಸೀಮೆಯಲ್ಲಿ ಆ ಒಂದು ಮಾತಿನಿಂದ ಎಷ್ಟೋ ಮನೆಗಳಿಗೆ ಪರಿಹಾರದ ಬಾಗಿಲು ಮುಚ್ಚುತ್ತಿತ್ತು.

ಮರದಿಂದ ಬೀಳುವುದು ಕೊಡಗಿನ ತೋಟದ ವಿಶಿಷ್ಟ ಅಪಾಯ. ಅದಕ್ಕೂ ಒಂದು ಚರಿತ್ರೆಯಿದೆ. ಮೊದಲ ಯುರೋಪಿಯನ್ ತೋಟಗಾರರು ಕಾಡನ್ನು ಪೂರ್ತಿ ಬೋಳಿಸಿ, ಬಿಸಿಲಿಗೆ ಬಿಟ್ಟು ಅರಾಬಿಕಾ ನೆಟ್ಟರು. 1860ರ ದಶಕದಲ್ಲಿ ಬಿಳಿ ಕಾಂಡಕೊರಕ ಹುಳು ಆ ತೋಟಗಳನ್ನು ಸಾಲುಸಾಲಾಗಿ ಒಣಗಿಸಿತು. ಮದ್ರಾಸ್ ಸರ್ಕಾರದ ಪರವಾಗಿ ಇದನ್ನು ಪರಿಶೀಲಿಸಿ 1869ರಲ್ಲಿ ವರದಿ ಪ್ರಕಟಿಸಿದ ಡಾ. ಜಾರ್ಜ್ ಬಿಡೀ, ಗಿಡಕ್ಕೆ ನೆರಳು ಬೇಕೆಂದು ಒತ್ತಿಹೇಳಿದ. ಬಿಸಿಲು ಬಿದ್ದ ಕಾಂಡದ ಮೇಲೆ ದುಂಬಿ ಮೊಟ್ಟೆಯಿಡುತ್ತದೆ. ನೆರಳಿನಲ್ಲಿ ಅದರ ಹಾವಳಿ ಕಡಿಮೆ. ಅಲ್ಲಿಂದ ಕೊಡಗಿನ ಕಾಫಿ ಮರಗಳ ಅಡಿ ಸೇರಿತು. ಹಳೆಯ ಕಾಡುಮರಗಳ ಜೊತೆಗೆ ಹಾಲುವಾಣ, ಆಮೇಲೆ ಸಿಲ್ವರ್ ಓಕ್ ಬಂದವು. ಇಂದು ಲೋಕ ಮೆಚ್ಚುವ ನೆರಳಿನ ಕಾಫಿ, ಹಕ್ಕಿಗಳು ಕೂಗುವ ತೋಟ, ಆ ಹುಳುವಿಗೆ ಕೊಟ್ಟ ಉತ್ತರ.

ನೆರಳು ಹೆಚ್ಚಾದರೂ ಕಾಫಿಗೆ ಕೇಡು. ಮಳೆಗಾಲದಲ್ಲಿ ಗಾಳಿಯಾಡದೆ ಕೊಳೆರೋಗ ಹಿಡಿಯುತ್ತದೆ, ಹೂವು ಕಡಿಮೆಯಾಗುತ್ತದೆ. ಆದ್ದರಿಂದ ಪ್ರತಿವರ್ಷ ಕುಯ್ಲು ಮುಗಿದು ಮುಂಗಾರು ಹಿಡಿಯುವುದರೊಳಗೆ ಮರಗಸಿ ನಡೆಯಲೇಬೇಕು. ಕೈಯಲ್ಲಿ ಕತ್ತಿ ಹಿಡಿದು, ಮರದಿಂದ ಮರಕ್ಕೆ, ಅರವತ್ತು ಎಂಬತ್ತು ಅಡಿ ಎತ್ತರದ ಕೊಂಬೆಗಳನ್ನು ಕೆಳಗಿನ ಕಾಫಿ ಗಿಡಕ್ಕೆ ಪೆಟ್ಟಾಗದಂತೆ ಇಳಿಸುವ ಕೆಲಸವದು. ಯಾವ ಕೊಂಬೆ ಯಾವ ಕಡೆ ಬಾಗುತ್ತದೆ, ಯಾವುದರ ಬುಡ ಟೊಳ್ಳು, ಎಲ್ಲಿ ಹೆಜ್ಜೇನು ಕಟ್ಟಿದೆ ಎಂಬ ತಿಳಿವಳಿಕೆ ಯಾವ ಶಾಲೆಯಲ್ಲೂ ಸಿಗುತ್ತಿರಲಿಲ್ಲ. ಅಪ್ಪನಿಂದ ಮಗನಿಗೆ, ಹಿರಿಯ ಆಳಿನಿಂದ ಕಿರಿಯನಿಗೆ ದಾಟುತ್ತಿತ್ತು. ಎರವರಲ್ಲಿ, ಕುರುಬರಲ್ಲಿ, ಆಮೇಲೆ ತಮಿಳುನಾಡು ಮತ್ತು ಮೈಸೂರು ಕಡೆಯಿಂದ ಬಂದ ಗುಂಪುಗಳಲ್ಲಿ ಈ ಕಸುಬು ಗಟ್ಟಿಯಾಯಿತು. ಇದಕ್ಕೆ ಬೇರೆ ಕೆಲಸಗಳಿಗಿಂತ ಹೆಚ್ಚು ಕೂಲಿಯುಂಟು. ಆದರೆ ಎಷ್ಟೋ ಕಡೆ ಗುತ್ತಿಗೆ ಮರದ ಲೆಕ್ಕ, ಎಕರೆಯ ಲೆಕ್ಕ. ದಿನಕ್ಕೆ ಹೆಚ್ಚು ಮರ ಹತ್ತಿದವನಿಗೆ ಹೆಚ್ಚು ಹಣವೆಂದಾಗ ಹಗ್ಗ ಕಟ್ಟುವ ಹೊತ್ತು ನಷ್ಟದ ಬಾಬತ್ತಾಗುತ್ತದೆ. ಮೊದಲ ಮಳೆ ಬಿದ್ದು ತೊಗಟೆ ಜಾರುವ ಹೊತ್ತಿಗೆ ಉಳಿದ ಮರಗಳನ್ನು ಮುಗಿಸುವ ಅವಸರ ಇನ್ನೂ ಹೆಚ್ಚು. ಸಿಲ್ವರ್ ಓಕ್‌ನ ಕೊಂಬೆ ಪಟ್ಟನೆ ಮುರಿಯುತ್ತದೆ; ಹಾಲುವಾಣದ ಮರ ಮೃದು. ಬೆನ್ನುಮೂಳೆ ಮುರಿದುಕೊಂಡು ಲೈನ್ ಮನೆಯ, ಅಂದರೆ ತೋಟದ ಕೂಲಿಗಾರರ ಸಾಲುಮನೆಯ, ಮೂಲೆಯಲ್ಲಿ ಉಳಿದವರು ಕೊಡಗಿನ ಹೋಬಳಿ ಹೋಬಳಿಗಳಲ್ಲಿ ಇದ್ದರು, ಈಗಲೂ ಇದ್ದಾರೆ.

ಅದೇ ಮರಗಳಿಗೆ ಹಬ್ಬಿದ ಕರಿಮೆಣಸು ಅಪಾಯದ ಇನ್ನೊಂದು ಮುಖ. ಹಿಂದೆ ಮೆಣಸು ಕುಯ್ಯುತ್ತಿದ್ದದ್ದು ಗೆಣ್ಣುಗಳಲ್ಲಿ ಕವಲು ಉಳಿಸಿದ ಒಂಟಿ ಬಿದಿರಿನ ಏಣಿಯಿಂದ. ಬಿದಿರು ಭಾರ, ಮುರಿಯುತ್ತಿತ್ತು, ಜಾರುತ್ತಿತ್ತು. ಹಗುರವಾದ, ಎಷ್ಟು ಬೇಕಾದರೂ ಉದ್ದ ಸಿಗುವ ಅಲ್ಯೂಮಿನಿಯಂ ಏಣಿ ಬಂದಾಗ ಎಲ್ಲರೂ ಅದನ್ನು ವರವೆಂದೇ ಕಂಡರು. ತೋಟಗಳ ಮೇಲೆ ವಿದ್ಯುತ್ ತಂತಿಗಳೂ ಅದೇ ದಶಕಗಳಲ್ಲಿ ಹಬ್ಬಿದವು. 1956ರ ಭಾರತೀಯ ವಿದ್ಯುತ್ ನಿಯಮಗಳ ಪ್ರಕಾರ ರಸ್ತೆಯಲ್ಲದ ಜಾಗದಲ್ಲಿ 11,000 ವೋಲ್ಟ್‌ವರೆಗಿನ ಬರಿತಂತಿ ನೆಲದಿಂದ ಕನಿಷ್ಠ 4.6 ಮೀಟರ್, ಅಂದರೆ ಸುಮಾರು 15 ಅಡಿ ಮೇಲಿದ್ದರೆ ಸಾಕಿತ್ತು. ಮೆಣಸಿನ ಏಣಿ ಅದರ ಇಮ್ಮಡಿ ಉದ್ದ. ಒಂದು ಮರದಿಂದ ಇನ್ನೊಂದಕ್ಕೆ ಏಣಿಯನ್ನು ನೆಟ್ಟಗೆ ಹಿಡಿದು ಸಾಗಿಸುವಾಗ ತಂತಿ ತಗುಲಿ, ಕೆಳಗೆ ಹಿಡಿದಿದ್ದ ಇಬ್ಬರೂ ಸತ್ತ ಸುದ್ದಿ ಕಾಫಿನಾಡಿನ ಪತ್ರಿಕೆಗಳಲ್ಲಿ ಮೆಣಸಿನ ಕುಯ್ಲಿನ ಕಾಲಕ್ಕೆ ಮತ್ತೆ ಮತ್ತೆ ಬರುತ್ತದೆ. ಸ್ಪ್ರಿಂಕ್ಲರ್‌ನ ಅಲ್ಯೂಮಿನಿಯಂ ಪೈಪನ್ನು ಕಸ ತೆಗೆಯಲೆಂದು ಎತ್ತಿ ನಿಲ್ಲಿಸಿದಾಗಲೂ ಇದೇ ಆಗುತ್ತದೆ. ವಿದ್ಯುತ್ ಹರಿಯದ ಫೈಬರ್ ಏಣಿಗಳು ಮಾರುಕಟ್ಟೆಯಲ್ಲಿವೆ. ಬೆಲೆ ಹೆಚ್ಚು, ತೂಕವೂ ಹೆಚ್ಚು. ತಂತಿ ಹಾದುಹೋಗುವ ಸಾಲುಗಳಲ್ಲಾದರೂ ಅವನ್ನೇ ಬಳಸುವುದು ಯಾವ ತೋಟಕ್ಕೂ ಆಗದ ಮಾತಲ್ಲ.

ವಿಷದ ಕಥೆ ಬೇರೆ ದಾರಿಯದು. 20ನೆಯ ಶತಮಾನದ ಮೊದಲರ್ಧದಲ್ಲಿ ತೋಟಕ್ಕೆ ಬಂದ ಮುಖ್ಯ ಔಷಧಿ ಬೋರ್ಡೋ ದ್ರಾವಣ. ಮೈಲುತುತ್ತ, ಸುಣ್ಣ ಮತ್ತು ನೀರು. ಅದು ಕೈಯ ಚರ್ಮವನ್ನು ಸುಡುತ್ತಿತ್ತು, ಕಣ್ಣಿಗೆ ಬಿದ್ದರೆ ಉರಿಯುತ್ತಿತ್ತು. ಸ್ವಾತಂತ್ರ್ಯದ ನಂತರ ಬಿ.ಎಚ್.ಸಿ. ಪುಡಿ, ಮುಂದೆ ಲಿಂಡೇನ್ ಬಂದವು. ಕಾಂಡಕೊರಕಕ್ಕೆ ಮದ್ದೆಂದು ಕಾಫಿಯ ಕಾಂಡಕ್ಕೆ ಲಿಂಡೇನ್ ಬಳಿಯುವುದು ದಶಕಗಳ ಕಾಲ ತೋಟದ ಮಾಮೂಲಿ ಕೆಲಸವಾಗಿತ್ತು. ಬರಿಗೈಯಲ್ಲಿ ಬಟ್ಟೆಯ ಉಂಡೆ ಹಿಡಿದು ಬಳಿದವರೂ ಇದ್ದರು. 1946ರಲ್ಲಿ ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಶುರುವಾಗಿ ಗಿಡದ ಆರೋಗ್ಯಕ್ಕೆ ಒಂದು ನೆಲೆ ಸಿಕ್ಕಿತು. ಅದನ್ನು ಕಾಪಾಡುವ ಕೈಗಳಿಗೆ ಅಂಥ ಒಂದು ಕೇಂದ್ರ ಎಂದೂ ಏಳಲಿಲ್ಲ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಕೀಟನಾಶಕ ಬೆರೆತ ಹಿಟ್ಟಿನಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ನಂತರದ ಚರ್ಚೆಯ ಫಲವಾಗಿ 1968ರಲ್ಲಿ ಕೀಟನಾಶಕ ಕಾಯ್ದೆ, 1971ರಲ್ಲಿ ಅದರ ನಿಯಮಗಳು ಬಂದವು. ಔಷಧಿ ಹೊಡೆಯುವವರಿಗೆ ರಕ್ಷಣಾ ಉಡುಪು, ತರಬೇತಿ, ವೈದ್ಯಕೀಯ ತಪಾಸಣೆ ಬೇಕೆಂದು ಆ ನಿಯಮಗಳು ಹೇಳುತ್ತವೆ. ಬಿ.ಎಚ್.ಸಿ. 1997ರಲ್ಲಿ ನಿಷೇಧವಾಯಿತು, ಲಿಂಡೇನ್ ಬಳಕೆ 2013ರಲ್ಲಿ ನಿಂತಿತು. ನೆರೆಯ ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಗೇರು ತೋಟಗಳ ಎಂಡೋಸಲ್ಫಾನ್ ದುರಂತ ಊರೂರುಗಳನ್ನೇ ಹಾಸಿಗೆ ಹಿಡಿಸಿದ ಮೇಲೆ, 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ತಡೆಯಿತು. ಪ್ರತಿಯೊಂದು ನಿಷೇಧವೂ ಜನರ ಮೈಮೇಲೆ ಪ್ರಯೋಗ ಮುಗಿದ ನಂತರ ಬಂದದ್ದು.

ತೋಟದ ಕೂಲಿಗಾರರಿಗೆ ಒಂದು ಪೂರ್ಣ ಕಾಯ್ದೆ ಬರಲು ಎರಡನೆಯ ಮಹಾಯುದ್ಧ ಮುಗಿಯಬೇಕಾಯಿತು. ಡಿ.ವಿ. ರೇಗೆ 1940ರ ದಶಕದಲ್ಲಿ ದೇಶದ ತೋಟಗಳ ಕೂಲಿಗಾರರ ಸ್ಥಿತಿಗತಿಯನ್ನು ವಿಚಾರಣೆ ಮಾಡಿ 1946ರಲ್ಲಿ ಕೊಟ್ಟ ವರದಿ ಅದಕ್ಕೆ ಬುನಾದಿ. 1947ರ ಜನವರಿಯಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಕೂಡಿದ ತ್ರಿಪಕ್ಷ ಸಭೆ ನಡೆಯಿತು. 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ಅಂಗೀಕಾರವಾಗಿ 1954ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಕೊಡಗು ಆಗ ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದ ಪ್ರತ್ಯೇಕ ರಾಜ್ಯ.

ಈ ಕಾಯ್ದೆ ಕೊಡಗಿನ ತೋಟದ ಮುಖವನ್ನೇ ಬದಲಿಸಿತು. ಕುಡಿಯುವ ನೀರು, ಕಕ್ಕಸು, ಔಷಧೋಪಚಾರ, ಮನೆ ಮಾಲೀಕನ ಹೊಣೆಯಾದವು. ಐವತ್ತು ಹೆಂಗಸರಿರುವಲ್ಲಿ ಶಿಶುಗೃಹ, ನೂರೈವತ್ತು ಜನ ಇರುವಲ್ಲಿ ಕ್ಯಾಂಟೀನ್, ಮುನ್ನೂರು ಜನ ಇರುವಲ್ಲಿ ಕ್ಷೇಮಾಧಿಕಾರಿ ಎಂಬ ಲೆಕ್ಕ ಹುಟ್ಟಿತು. ಮಳೆ ಚಳಿಗೆ ಕೊಡೆ, ಕಂಬಳಿ, ರೈನ್‌ಕೋಟ್ ಕೊಡಿಸುವ ನಿಯಮ ಮಾಡಲು ಸರ್ಕಾರಕ್ಕೆ ಅಧಿಕಾರ ದೊರೆಯಿತು. ಆಗುಂಬೆಯ ಮಳೆಗೆ ಸಾಟಿಯಾಗುವ ಭಾಗಮಂಡಲದ ಸೀಮೆಯಲ್ಲಿ ಗೊಬ್ಬರ ಹಾಕುವ, ಚಿಗುರು ತೆಗೆಯುವ ಹೆಂಗಸಿಗೆ ಒಂದು ಒಳ್ಳೆಯ ಕಂಬಳಿಯೂ ದೊಡ್ಡ ಆಸ್ತಿ. ವಾರಕ್ಕೆ 54 ಗಂಟೆಯ ಮಿತಿ ಮುಂದೆ 48ಕ್ಕೆ ಇಳಿಯಿತು. ವಾರದ ರಜೆ, ಇಪ್ಪತ್ತು ದಿನದ ದುಡಿಮೆಗೆ ಒಂದು ದಿನದ ಸಂಬಳದ ರಜೆ, ಹೆರಿಗೆ ಭತ್ಯೆ ಬಂದವು. 1943ರಲ್ಲಿ ರೂಪುಗೊಂಡು ಪಾಲಿಬೆಟ್ಟದಲ್ಲಿ ನೆಲೆಗೊಂಡ ಕನ್ಸಾಲಿಡೇಟೆಡ್ ಕಾಫಿಯಂಥ ದೊಡ್ಡ ಕಂಪನಿಗಳ ತೋಟಗಳಲ್ಲಿ ಆಸ್ಪತ್ರೆ, ಡ್ರೆಸ್ಸರ್, ಆಯಾ, ರೈಟರ್, ಕ್ಷೇಮಾಧಿಕಾರಿ ಎಂಬ ಹೊಸ ಉದ್ಯೋಗಗಳ ಸಾಲೇ ಬೆಳೆಯಿತು. ಕೂಲಿ ಕುಟುಂಬದಲ್ಲಿ ನಾಲ್ಕಕ್ಷರ ಕಲಿತ ಹುಡುಗ ರೈಟರ್ ಆಗುವುದು, ಹುಡುಗಿ ಶಿಶುಗೃಹದ ಆಯಾ ಆಗುವುದು ಈ ಕಾಲದಲ್ಲಿ ಕಾಣಿಸಿಕೊಂಡ ಚಿಕ್ಕ ಏಣಿ. ಇದೇ ದಶಕದಲ್ಲಿ, 1953ರಿಂದ, ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದ ಡಿಡಿಟಿ ಸಿಂಪಡಣೆ ಹಳೆಯ ಜ್ವರವನ್ನು ಹಿಮ್ಮೆಟ್ಟಿಸಿದ್ದರಿಂದ ಮಳೆಗಾಲದಲ್ಲೂ ಕುಟುಂಬ ಸಮೇತ ತೋಟದಲ್ಲೇ ಉಳಿಯುವುದು ಸಾಧ್ಯವಾಯಿತು.

ಇಷ್ಟೆಲ್ಲ ಇದ್ದ ಕಾಯ್ದೆಯಲ್ಲಿ ಸುರಕ್ಷತೆಯ ಅಧ್ಯಾಯ ಇರಲಿಲ್ಲ. 1948ರ ಕಾರ್ಖಾನೆ ಕಾಯ್ದೆ ಯಂತ್ರದ ಬೆಲ್ಟಿಗೆ ಬೇಲಿ ಹಾಕಿಸಿತು, ಬೀಳುವ ಜಾಗಕ್ಕೆ ಕಟಾಂಜನ ಕಟ್ಟಿಸಿತು. ಕಾಫಿ ಕ್ಯೂರಿಂಗ್ ಘಟಕದ ಒಳಗೆ ನಿಂತವರಿಗೆ ಆ ರಕ್ಷಣೆ ಸಿಕ್ಕಿತು. ಅದೇ ಕಾಫಿಯನ್ನು ಬೆಳೆದ ಮರದ ಮೇಲಿನವನಿಗೆ ಸಿಗಲಿಲ್ಲ. ತೋಟವನ್ನು ಹಸಿರು, ತಂಪು, ಆರೋಗ್ಯಕರ ಜಾಗವೆಂದು ನೋಡುವ ಹಳೆಯ ಕಣ್ಣು ಇದಕ್ಕೆ ಕಾರಣವಿರಬೇಕು. ಅಪಾಯವೆಂದರೆ ಹೊಗೆ, ಕಬ್ಬಿಣ, ಗಣಿ ಎಂದೇ ಶಾಸನ ಬರೆದವರು ಎಣಿಸಿದಂತಿದೆ. 1981ರ ತಿದ್ದುಪಡಿ ಮಾಲೀಕ ಕೊಟ್ಟ ಮನೆ ಕುಸಿದು ಸತ್ತವರಿಗೆ, ಗಾಯಗೊಂಡವರಿಗೆ ಪರಿಹಾರ ಕೊಡಿಸಿತು, ಆದರೆ ಪ್ರಕೃತಿ ವಿಕೋಪದಿಂದ ಕುಸಿದಿದ್ದರೆ ಇಲ್ಲವೆಂದಿತು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಮಾದಾಪುರದ ಕಡೆ ಬೆಟ್ಟಗಳೇ ಜರಿದಾಗ ಆ ಒಂದು ಮಾತಿನ ಭಾರ ಎಷ್ಟೆಂಬುದು ಇಳಿಜಾರಿನ ಲೈನ್ ಮನೆಗಳನ್ನು ಕಂಡವರಿಗೆ ಅರ್ಥವಾಗುತ್ತದೆ.

2010ರ ತಿದ್ದುಪಡಿ ಕೊನೆಗೂ ಆ ಕೊರತೆಯ ಒಂದು ಭಾಗವನ್ನು ತುಂಬಿತು. ಕೀಟನಾಶಕ, ರಾಸಾಯನಿಕ, ವಿಷವಸ್ತುಗಳ ಬಳಕೆ, ದಾಸ್ತಾನು, ಸಾಗಣೆಯಲ್ಲಿ ಕೂಲಿಗಾರರ ಸುರಕ್ಷತೆಗೆ ಮಾಲೀಕನೇ ಹೊಣೆ. ರಕ್ಷಣಾ ಉಡುಪು, ತರಬೇತಿ, ಮೈತೊಳೆಯುವ ವ್ಯವಸ್ಥೆ, ನಿಯತಕಾಲಿಕ ಆರೋಗ್ಯ ತಪಾಸಣೆ, ಅದರ ದಾಖಲೆ ಕಡ್ಡಾಯ. ಎತ್ತರದ ಕೆಲಸ, ಏಣಿ, ಹಗ್ಗ, ವಿದ್ಯುತ್ ತಂತಿಯ ಬಗ್ಗೆ ಆ ಹೊಸ ಅಧ್ಯಾಯ ಏನೂ ಹೇಳಲಿಲ್ಲ. ಯುರೋಪಿನ ಕೊಳ್ಳುಗರು ಕೇಳತೊಡಗಿದ ರೈನ್‌ಫಾರೆಸ್ಟ್ ಅಲಯನ್ಸ್‌ನಂಥ ಪ್ರಮಾಣಪತ್ರಗಳು ಕೆಲವು ತೋಟಗಳಲ್ಲಿ ಕೈಗವಸು, ಮಾಸ್ಕ್, ತರಬೇತಿಯ ಪಟ್ಟಿಗಳನ್ನು ಶಾಸನಕ್ಕಿಂತ ಬೇಗ ತಂದವು.

ಕಾಯ್ದೆಯ ಇನ್ನೊಂದು ಮಿತಿ ಅದರ ಗೆರೆ. 1951ರಲ್ಲಿ 25 ಎಕರೆ ಮತ್ತು 30 ಕೂಲಿಗಾರರಿದ್ದ ತೋಟಕ್ಕೆ ಅನ್ವಯವಾಗುತ್ತಿದ್ದದ್ದು 1981ರಲ್ಲಿ 5 ಹೆಕ್ಟೇರ್, 15 ಜನಕ್ಕೆ ಇಳಿಯಿತು. ಐದು ಹೆಕ್ಟೇರ್ ಎಂದರೆ ಹನ್ನೆರಡೂವರೆ ಎಕರೆಗೆ ತುಸು ಕಡಿಮೆ. ದೇಶದ ಕಾಫಿಯ ಸುಮಾರು ಮೂರನೆಯ ಒಂದು ಪಾಲು ಬೆಳೆಯುವ ಕೊಡಗಿನಲ್ಲಿ ಹಿಡುವಳಿಗಳ ಬಹುಪಾಲು ಚಿಕ್ಕವು. ಆ ಗೆರೆಯ ಈಚೆ ಹತ್ತು ಎಕರೆಯ ತೋಟದಲ್ಲಿ ಮರಗಸಿ ಮಾಡುವವನಿಗೂ ಗೆರೆಯ ಆಚೆ ಮಾಡುವವನಿಗೂ ಮರ ಒಂದೇ, ಬಿದ್ದರೆ ನೆಲವೂ ಒಂದೇ. ಚಿಕ್ಕ ಬೆಳೆಗಾರನ ಕೈಯಲ್ಲಿ ಕ್ಯಾಂಟೀನ್ ಕಟ್ಟಿಸಲಾಗದು, ನಿಜ. ಹಗ್ಗ, ಹೆಲ್ಮೆಟ್, ಅಪಘಾತ ವಿಮೆ ಅವನ ಕೈಗೂ ಎಟುಕುತ್ತವೆ.

ಲೈನ್ ಮನೆಯ ಬದುಕೂ 20ನೆಯ ಶತಮಾನದ ಕೊನೆಗೆ ಸಡಿಲಗೊಂಡಿತು. ಕೆಲಸಕ್ಕೆ ಬಾರದಿದ್ದರೆ ಮನೆ ಬಿಡಬೇಕೆಂಬ ಕಟ್ಟು ಮನೆಯ ಸವಲತ್ತನ್ನೇ ಹಗ್ಗವಾಗಿಸಿತ್ತು. ತಮ್ಮದೇ ಒಂದು ತುಂಡು ನೆಲ ಬೇಕೆಂದು ಲೈನ್ ಮನೆಗಳಿಂದ ಹೊರಬಂದ ಆದಿವಾಸಿ ಕುಟುಂಬಗಳು ಸಿದ್ದಾಪುರದ ಹತ್ತಿರದ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡದ್ದು, 2016ರ ಡಿಸೆಂಬರಿನಲ್ಲಿ ಅವರನ್ನು ಒಕ್ಕಲೆಬ್ಬಿಸಿದ್ದು, ನಾಡಿನಾದ್ಯಂತ ಪ್ರತಿಭಟನೆ ಎದ್ದು ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಆದದ್ದು ಈ ಚರಿತ್ರೆಯದೇ ಒಂದು ಪುಟ. ಅವರು ಬಿಟ್ಟ ಲೈನ್ ಮನೆಗಳಿಗೆ ಅಸ್ಸಾಂ, ಪಶ್ಚಿಮ ಬಂಗಾಳದ ಕಡೆಯ ಕುಟುಂಬಗಳು ಬಂದಿವೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಅವರಿಗಾಗಿಯೇ ಇತ್ತು. ಆದರೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದ ಕೀಟನಾಶಕದ ಡಬ್ಬಿಯ ಎಚ್ಚರಿಕೆ ಅವರಿಗೆ ಓದಲು ಬಾರದು. ಕಾಡಾನೆಯ ಜಾಡು, ಮೆಳೆ ಮುರಿದ ಸದ್ದು ಅವರಿಗೆ ಪರಿಚಯವಿಲ್ಲ.

ಆನೆಯ ಅಪಾಯ ಈಚಿನ ದಶಕಗಳಲ್ಲಿ ಬೆಳೆದದ್ದು. ಹಲಸು, ನೀರಿನ ಕೆರೆ, ಮರೆ ಎಲ್ಲವೂ ಸಿಗುವ ತೋಟಗಳಲ್ಲೇ ಆನೆಗಳು ಹಗಲು ತಂಗುವುದು ಸಿದ್ದಾಪುರ, ತಿತಿಮತಿ, ಚೆಟ್ಟಳ್ಳಿಯ ಕಡೆ ಮಾಮೂಲಾಗಿದೆ. ಮುಂಜಾವದ ಮಂಜಿನಲ್ಲಿ ಕೆಲಸಕ್ಕೆ ನಡೆದು ಬರುವ ಹೊತ್ತು ಎಲ್ಲಕ್ಕಿಂತ ಅಪಾಯಕಾರಿ. ಹೈಕೋರ್ಟ್ ನೇಮಿಸಿದ, ರಾಮನ್ ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಕಾಡುಪ್ರಾಣಿಯಿಂದ ಸತ್ತವರ ಕುಟುಂಬಕ್ಕೆ ರಾಜ್ಯ ಸರ್ಕಾರದ ಪರಿಹಾರ 2022ರಲ್ಲಿ 7.5 ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿತು. ಬೆಳಕು ಹರಿದ ಮೇಲೆ ಕೆಲಸ ಶುರು ಮಾಡುವುದು, ಕೂಲಿಯವರನ್ನು ವಾಹನದಲ್ಲಿ ಕರೆತರುವುದು, ಅರಣ್ಯ ಇಲಾಖೆಯ ಆನೆ ಸಂದೇಶಗಳನ್ನು ಮೇಸ್ತ್ರಿಗೆ ತಲುಪಿಸುವುದು ಕೆಲವು ತೋಟಗಳಲ್ಲಿ ರೂಢಿಗೆ ಬಂದಿದೆ.

ತೋಟದ ಕೆಲವು ಕಸುಬುಗಳಿಗೆ ಓದಿನ ದಾರಿಯೂ ತೆರೆದಿದೆ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಈಗ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಭಾಗ. ಬೆಂಗಳೂರಿನ ತೋಟ ನಿರ್ವಹಣಾ ಸಂಸ್ಥೆ ವ್ಯವಸ್ಥಾಪಕರನ್ನು ತಯಾರು ಮಾಡುತ್ತದೆ. ಅರಣ್ಯಾಧಿಕಾರಿ, ತೋಟಗಾರಿಕೆ ತಜ್ಞ, ಎಸ್ಟೇಟ್ ಮ್ಯಾನೇಜರ್ ಹೀಗೆ ಮೇಲಿನ ಹುದ್ದೆಗಳಿಗೆ ಪದವಿಯುಂಟು. ಮರ ಹತ್ತುವವನ ವಿದ್ಯೆಗೆ ಅಂಥ ಮನ್ನಣೆ ದೊರೆತಿಲ್ಲ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ತರಬೇತಿ, ಹತ್ತುವ ಯಂತ್ರ, ಅಪಘಾತ ವಿಮೆಯ ಯೋಜನೆ ನಡೆಸಿತು. ಕೊಂಬೆ ಕಡಿಯುವ ಉದ್ದ ಕೋಲಿನ ಗರಗಸ, ಬ್ಯಾಟರಿ ಕತ್ತರಿ, ಕಳೆ ಕತ್ತರಿಸುವ ಯಂತ್ರಗಳು ಕೊಡಗಿಗೂ ಬಂದಿವೆ. ಕತ್ತಿಯ ಜಾಗಕ್ಕೆ ಚೈನ್‌ಸಾ ಬಂದಾಗ ತೊಡೆಯ ಕವಚ, ಕಣ್ಣಿನ ಕನ್ನಡಕ, ಕಿವಿಯ ಮುಚ್ಚಿಗೆ ಕೂಡ ಬರಬೇಕಿತ್ತು. ಯಂತ್ರ ಮೊದಲು ಬಂದಿತು.

2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಸ್ಥಿತಿಗತಿಗಳ ಸಂಹಿತೆ ತೋಟ ಕಾರ್ಮಿಕರ ಕಾಯ್ದೆಯೂ ಸೇರಿ ಹದಿಮೂರು ಕಾಯ್ದೆಗಳನ್ನು ಒಂದಾಗಿಸಿತು. 2025ರ ನವೆಂಬರ್ 21ರಂದು ಅದು ಜಾರಿಗೆ ಬಂದು, 1951ರ ಕಾಯ್ದೆಯ ಕಾಲ ಮುಗಿಯಿತು. ರಾಸಾಯನಿಕಗಳ ಬಗೆಗಿನ 2010ರ ನಿಯಮಗಳು ಹೊಸ ಸಂಹಿತೆಯ ತೋಟದ ಅಧ್ಯಾಯದಲ್ಲಿ ಮುಂದುವರಿದಿವೆ. ಎತ್ತರದ ಕೆಲಸಕ್ಕೂ ತಂತಿಯ ಕೆಳಗಿನ ಕುಯ್ಲಿಗೂ ಸ್ಪಷ್ಟ ನಿಯಮಗಳನ್ನು ಬರೆಯುವುದು, ಅವನ್ನು ಹನ್ನೆರಡು ಎಕರೆಯ ಗೆರೆಯ ಈಚೆಗೂ ತಲುಪಿಸುವುದು ಇನ್ನು ರಾಜ್ಯ ಸರ್ಕಾರ, ಕಾಫಿ ಮಂಡಳಿ ಮತ್ತು ಬೆಳೆಗಾರರ ಸಂಘಗಳು ಕೂಡಿ ಮಾಡಬೇಕಾದ ಕೆಲಸ.